ನೇರಳೆ ಬಣ್ಣದ ಒಂದು ಮೊಹರು

ಝೆರಾಕ್ಸ್ ಆದ ಮೊಹರು ಬೆರಳಿಗೆ ಅಂಟುವುದಿಲ್ಲ. ಆಫೀಸಿನಲ್ಲಿ ನಾಲ್ಕು ದಿನ ಕೂತವರಿಗೂ ಇದು ಗೊತ್ತು. ಆ ಬುಧವಾರ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಹಣೆಯ ಬೆವರು ಒರೆಸಿಕೊಂಡ ಕೈಯಲ್ಲೇ ನಾನು ಒಂದು ಮರಣ ಪ್ರಮಾಣಪತ್ರದ ಕಲರ್ ಝೆರಾಕ್ಸನ್ನು ಫೈಲಿಗೆ ಸೇರಿಸುತ್ತಿದ್ದೆ. ತೂತು ಹೊಡೆಯುವ ಮಷಿನ್ನಿಗೆ ಕೈ ಹಾಕುವಾಗ ನೋಡಿದರೆ ಹೆಬ್ಬೆರಳಿಗೆ ನೇರಳೆ ಬಣ್ಣ ಮೆತ್ತಿಕೊಂಡಿತ್ತು.

ಮೊದಲು ಅದು ನನ್ನದೇ ಮೊಹರಿನ ಬಣ್ಣ ಇರಬೇಕು ಅಂದುಕೊಂಡೆ. ದೃಢೀಕರಿಸಿ ಒತ್ತಿದ ನನ್ನ ಮೊಹರು ಅದೇ ಕಾಗದದ ಮೇಲಿತ್ತು. ಆದರೆ ಅದಿದ್ದದ್ದು ಕೆಳಗಿನ ಬಲ ಮೂಲೆಯಲ್ಲಿ. ನನ್ನ ಬೆರಳು ತಾಗಿದ್ದು ಎಡಗಡೆಯ ದುಂಡು ಮೊಹರಿಗೆ, ಅಂದರೆ ಹದಿನೈದು ಹದಿನಾರು ವರ್ಷದ ಹಿಂದೆ ಸರ್ಕಾರದ ಯಾರೋ ಒತ್ತಿದ, ಈಗ ಯಂತ್ರದಲ್ಲಿ ಪ್ರತಿಯಾಗಿ ಬಂದಿರಬೇಕಾದ ಮೊಹರಿಗೆ. ಬೆರಳನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಇನ್ನಷ್ಟು ಬಣ್ಣ ಬಂತು.

ಬಳ್ಳಾರಿ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ನಡೆಯುವ ಚಿಕ್ಕ ಚಿತ್ರಕಲಾ ಕಾಲೇಜು ನಮ್ಮದು. ಶುಲ್ಕ ಮತ್ತು ವಿದ್ಯಾರ್ಥಿವೇತನದ ಟೇಬಲ್ಲು ನನ್ನದು. ಯಾವ ಅರ್ಜಿಯೂ ನನ್ನ ಟೇಬಲ್ಲಿನಿಂದ ತಪ್ಪಿನೊಡನೆ ಹೊರಗೆ ಹೋಗಬಾರದು ಎಂಬ ಹಟ ನನಗಿದೆ, ಆ ಹಟದ ಜೊತೆಗೆ ಸ್ವಲ್ಪ ಜಂಬವೂ ಇದೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ‘ಸೀಲ್ ಮೇಡಂ’ ಅನ್ನುತ್ತಾರೆ. ಕೇಳಿಸಿದರೂ ಕೇಳಿಸದ ಹಾಗೆ ಇದ್ದುಬಿಡುತ್ತೇನೆ. ನಿಜ ಹೇಳಬೇಕೆಂದರೆ, ಅಷ್ಟು ವರ್ಷ ಆ ಬಂಗಲೆಯಲ್ಲಿದ್ದೂ ಒಂದು ಚಿತ್ರವೂ ನನಗೆ ಅರ್ಥವಾಗಿರಲಿಲ್ಲ. ವಾರ್ಷಿಕ ಪ್ರದರ್ಶನಕ್ಕೆ ರೇಷ್ಮೆ ಸೀರೆ ಉಟ್ಟು ಹೋಗಿ, ಕ್ಯಾನ್ವಾಸುಗಳ ಮುಂದೆ ತಲೆ ಆಡಿಸಿ, ಚಹಾ ಕುಡಿದು ಬರುತ್ತಿದ್ದೆ. ಮೊಹರುಗಳು ಮಾತ್ರ ನನಗೆ ಅರ್ಥವಾಗುತ್ತಿದ್ದವು.

ಆ ಪ್ರಮಾಣಪತ್ರ ಮೂರನೇ ವರ್ಷದ ಒಬ್ಬ ಹುಡುಗಿಯ ತಂದೆಯದು. ಅವಳು ಸಿರುಗುಪ್ಪ ತಾಲ್ಲೂಕಿನ ದೇಶನೂರಿನವಳು. ತಾಯಿ ಗದ್ದೆ ಕೂಲಿಗೆ ಹೋಗುತ್ತಾರೆ. ಚಿತ್ರಕಲೆ ಕಲಿಯುವುದೆಂದರೆ ಬರೀ ಬೋಧನಾ ಶುಲ್ಕ ಕಟ್ಟಿದರೆ ಮುಗಿಯುವುದಿಲ್ಲ. ಸ್ಟುಡಿಯೋ ಶುಲ್ಕವಿದೆ, ಮುದ್ರಣ ಯಂತ್ರದ್ದಿದೆ, ಬಣ್ಣ, ಕುಂಚ, ಕ್ಯಾನ್ವಾಸು ಬೇರೆ. ಸರ್ಕಾರದ ವಿದ್ಯಾರ್ಥಿವೇತನ ಇದೆ, ಅದು ಬರುವುದು ವರ್ಷ ಮುಗಿಯುವ ಹೊತ್ತಿಗೆ, ಶುಲ್ಕ ಕಟ್ಟಬೇಕಾದದ್ದು ವರ್ಷದ ಮೊದಲಿಗೆ. ಎರಡು ವರ್ಷ ಹೇಗೋ ತೂಗಿಸಿಕೊಂಡು ಬಂದವಳು ಈ ಸಲ ನನ್ನ ಟೇಬಲ್ಲಿನ ಮುಂದೆ ನಿಂತು, ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ಕೆಲಸಕ್ಕೆ ಕೇಳಿದ್ದೇನೆ, ಕಾಲೇಜು ಬಿಡುತ್ತೇನೆ ಎಂದಿದ್ದಳು. ನಾನೇ ಬೈದು, ಒಂದು ಖಾಸಗಿ ಟ್ರಸ್ಟಿನ ಸಹಾಯಧನಕ್ಕೆ ಅರ್ಜಿ ಹಾಕಿಸಿದ್ದೆ. ತಂದೆ ಇಲ್ಲದ ಮಕ್ಕಳಿಗೆ ಓದು ಮುಗಿಯುವವರೆಗೆ ಪೂರ್ತಿ ಶುಲ್ಕವನ್ನು ನೇರವಾಗಿ ಕಾಲೇಜಿಗೇ ಕಟ್ಟುವ ಟ್ರಸ್ಟು ಅದು. ಅದು ಸಿಕ್ಕರೆ ಓದು ಉಂಟು, ಸಿಗದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಅರ್ಜಿ ಒಂದು ವಾರದಲ್ಲಿ ವಾಪಸು ಬಂತು. ಮರಣ ಪ್ರಮಾಣಪತ್ರದ ಪಕ್ಕದಲ್ಲಿ ಒಂದೇ ಸಾಲು: ಮೊಹರು ಮತ್ತು ನೋಂದಣಿ ಸಂಖ್ಯೆ ಅಸ್ಪಷ್ಟ, ಸ್ಪಷ್ಟ ಪ್ರತಿ ಸಲ್ಲಿಸಿ. ಕೊನೆಯ ದಿನ ಮುಂದಿನ ವಾರದ ಶನಿವಾರ ಸಂಜೆ ಐದು. ನಾನು ಹುಡುಗಿಯನ್ನು ಕರೆದು ಆ ಸಾಲನ್ನು ಓದಿ ಹೇಳಿ, ಸ್ಪಷ್ಟ ಪ್ರತಿ ತಂದುಕೊಡು ಅಂದೆ. ಅವಳು ತಲೆಯಾಡಿಸಿ ಹೋದಳು. ಶುಕ್ರವಾರ ಮತ್ತೆ ಬಂದು, ಸ್ಟಾಂಪ್ ಪ್ಯಾಡಿಗೆ ಹಾಕುವ ಇಂಕು ನಾಲ್ಕು ಹನಿ ಬೇಕು ಎಂದು ಕೇಳಿದಳು. ಮುದ್ರಣದ ತರಗತಿಗೆ ಇರಬೇಕು ಎಂದು ಬಾಟಲಿಯ ಮುಚ್ಚಳದಲ್ಲೇ ಬಗ್ಗಿಸಿ ಕೊಟ್ಟೆ. ಸೋಮವಾರ ಬೆಳಿಗ್ಗೆ ಸ್ಪಷ್ಟ ಪ್ರತಿ ಬಂತು. ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೆ ಖುಷಿಯೇ ಆಯಿತು. ಅಡ್ಮಿಷನ್ ಹೊತ್ತಿನಲ್ಲಿ ಮೂಲ ನೋಡಿದ್ದೆನಲ್ಲ ಎಂಬ ಧೈರ್ಯದ ಮೇಲೆ ‘ಮೂಲದೊಂದಿಗೆ ಹೋಲಿಸಿ ನೋಡಿದೆ, ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿ ಮೊಹರು ಒತ್ತಿದೆ. ಮಂಗಳವಾರ ಸ್ಕ್ಯಾನ್ ಮಾಡಿ ಟ್ರಸ್ಟಿನ ವೆಬ್‌ಸೈಟಿಗೆ ಹಾಕಿದೆ. ಮೂಲವನ್ನು ಮತ್ತೆ ತರಿಸಿ ನೋಡಲಿಲ್ಲ. ಇಡೀ ಕತೆಯಲ್ಲಿ ಮೊದಲ ತಪ್ಪು ನನ್ನದು.

ಈಗ ಕಿಟಕಿಯ ಬೆಳಕಿಗೆ ಹೋಗಿ ಭೂತಗನ್ನಡಿ ಹಿಡಿದೆ. ಮೊಹರಿನ ಉಂಗುರ ಬಲಗಡೆ ದಪ್ಪ, ಎಡಗಡೆ ತೆಳು. ಒತ್ತುವವರ ಕೈ ಬಲಕ್ಕೆ ವಾಲಿದರೆ ಹಾಗಾಗುತ್ತದೆ. ಅಕ್ಷರಗಳ ಅಂಚು ಗಾಢ, ಒಡಲು ಪೇಲವ. ರಬ್ಬರಿನ ಅಕ್ಷರ ಕಾಗದದ ಮೇಲೆ ಕೂತು ಎದ್ದಾಗ ಇಂಕು ಅಂಚಿಗೆ ಸರಿಯುವುದು ಹಾಗೆಯೇ. ಅಲ್ಲಲ್ಲಿ ಕಾಗದದ ನಾರು ಇಂಕು ಹೀರದೆ ಬಿಳಿ ಉಳಿದಿತ್ತು, ಪ್ಯಾಡು ಒಣಗುತ್ತ ಬಂದಾಗ ಬೀಳುವ ಮೊಹರಿನಂತೆ. ಇಷ್ಟನ್ನೂ ಯಾರೋ ಕುಂಚದಿಂದ, ಒಂದೊಂದು ಸಾಸಿವೆಯಷ್ಟು ಜಾಗವನ್ನೂ ಬಿಡದೆ, ಕೈಯಲ್ಲಿ ಬರೆದಿದ್ದರು. ನಾನು ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಗೊತ್ತಿಲ್ಲ. ಭಯ ಬೀಳಬೇಕಾದ ಹೊತ್ತಿನಲ್ಲಿ ನನಗೆ ರೋಮಾಂಚನವಾಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಒಂದು ಚಿತ್ರ ನನಗೆ ಪೂರ್ತಿ ಅರ್ಥವಾಗಿತ್ತು.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಉಂಗುರದ ಮೇಲ್ಭಾಗದಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಜಾಗದಲ್ಲಿ ಗೆರೆ ಇರಲಿಲ್ಲ. ಬದಲಿಗೆ ಐದು ಸಣ್ಣ ಚುಕ್ಕಿಗಳಿದ್ದವು. ಬರಿಗಣ್ಣಿಗೆ ಅವು ಮಾಸಿದ ಗೆರೆಯಂತೆ ಕಾಣುತ್ತಿದ್ದವು.

ಹುಡುಗಿಯನ್ನು ಕರೆಸಿದೆ. ಬೈಯಲು ಬಾಯಿ ತೆರೆದವಳು ಬೈಯಲಾರದೆ, ಇದು ಯಾರು ಮಾಡಿದ್ದು ಎಂದಷ್ಟೇ ಕೇಳಿದೆ.

“ನಾನ ರಿ ಮೇಡಂ,” ಅಂದಳು. ಮುಚ್ಚಿಡುವ ಧ್ವನಿಯೇ ಅಲ್ಲ. “ಸ್ಪಷ್ಟ ಪ್ರತಿ ಬೇಕಂತ ಬಂದಿತ್ತಲ್ರಿ. ಊರಿಗೆ ಹೋಗಿ ಮೂಲದಿಂದ ಎಷ್ಟ ಸಲ ಝೆರಾಕ್ಸ್ ಮಾಡಿಸಿದ್ರೂ ಮಸುಕ ಬರ್ತಿತ್ತು. ಅದಕ್ಕ ಕಾಪಿ ಮ್ಯಾಲ ನಾನ ಸ್ಪಷ್ಟ ಮಾಡೀನಿ. ಮೂಲ ಮುಟ್ಟಿಲ್ರಿ.”

ಮೂರು ದಿನ ಹಿಡಿಯಿತಂತೆ. ನೋಂದಣಿ ಸಂಖ್ಯೆಯನ್ನೂ ಹಾಗೇ ತಿದ್ದಿ ತೀಡಿದ್ದಳು. ಚುಕ್ಕಿಗಳು ಯಾಕೆ ಎಂದು ಕೇಳಿದೆ. ಎರಡನೇ ವರ್ಷದಲ್ಲಿ ಮೇಷ್ಟ್ರು ಇವರನ್ನೆಲ್ಲ ಕುರುಗೋಡಿಗೆ ಕರೆದೊಯ್ದು ಹಳೆಯ ಗುಡಿಯ ಕಂಬ ಬರೆಸಿದ್ದರು. ಕಲ್ಲು ಸವೆದು ಹೋದ ಕಡೆ ಮನಸ್ಸಿಗೆ ಬಂದದ್ದನ್ನು ಬರೆಯಕೂಡದು, ಕಾಣದ ಜಾಗದಲ್ಲಿ ಚುಕ್ಕಿ ಇಡಬೇಕು ಎಂದು ಹೇಳಿಕೊಟ್ಟಿದ್ದರು. ಮೊಹರಿನಲ್ಲಿ ಅಷ್ಟು ಜಾಗದಲ್ಲಿ ಏನಿತ್ತೋ ಅವಳಿಗೆ ಕಾಣಿಸಲಿಲ್ಲ. ಅದಕ್ಕೇ ಚುಕ್ಕಿ.

ಸರ್ಕಾರಿ ಮೊಹರನ್ನು ಕೈಯಲ್ಲಿ ಬರೆದು ಸಲ್ಲಿಸುವುದಕ್ಕೆ ಏನೆನ್ನುತ್ತಾರೆಂದು ಅವಳಿಗೆ ನಿಧಾನವಾಗಿ ಹೇಳಿದೆ. ಪೊಲೀಸು ಎಂಬ ಮಾತನ್ನೂ ಬಳಸಿದೆ. ಅವಳ ಮುಖ ಬಿಳಿಚಿಕೊಂಡಿತು. ಕಾಪಿ ಮಾಡುವುದೇ ಅವರಿಗೆ ಮೂರು ವರ್ಷದಿಂದ ಕೊಟ್ಟ ಮನೆಗೆಲಸ. ಚೆನ್ನಾಗಿ ಕಾಪಿ ಮಾಡಿದವರಿಗೆ ಹೆಚ್ಚು ಅಂಕ. ಅದೇ ಕೈ ನನ್ನ ಟೇಬಲ್ಲಿಗೆ ಬಂದರೆ ಅಪರಾಧವಾಗುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು?

ಕಾಗದ ಹಿಡಿದು ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಸ್ವತಃ ಚಿತ್ರ ಬರೆಯುವವರು. ಭೂತಗನ್ನಡಿ ಇಸಿದುಕೊಂಡು ನೋಡಲು ಕೂತವರು ನಾನು ಯಾಕೆ ಬಂದಿದ್ದೇನೆಂಬುದನ್ನೇ ಮರೆತರು. ಇಷ್ಟು ವರ್ಷ ಕಲಿಸಿದ್ದೇನೆ, ಇದು ನನ್ನ ಕೈಲಿ ಆಗುವುದಲ್ಲ ಎಂದು ಎರಡು ಸಲ ಹೇಳಿದರು. ಆಮೇಲೆ ನೆನಪಾಗಿ, ಅಪ್‌ಲೋಡ್ ಆಗಿದೆಯಾ ಎಂದು ಕೇಳಿದರು. ಆಗಿದೆ ಅಂದೆ. ಸ್ಕ್ಯಾನಿನಲ್ಲಿ ಯಾರಿಗಾದರೂ ಗೊತ್ತಾಗುತ್ತದೆಯೇ? ಆಗುವುದಿಲ್ಲ ಅಂದೆ.

“ಮತ್ತ ಬಿಡ್ರಿ ಮೇಡಂ,” ಅಂದರು. “ಆಕಿ ತಂದಿ ತೀರಿದ್ದು ಖರೆ. ಬಡತನ ಖರೆ. ಸುಳ್ಳು ಎಲ್ಲೈತಿ ಇದ್ರಾಗ?”

ಕಾಗದ ವಾಪಸು ಇಸಿದುಕೊಂಡೆ. ಟೇಬಲ್ಲಿಗೆ ಬಂದು ಕೂತೆ. ಕರೆಂಟು ಬಂದಿತ್ತು. ವೆಬ್‌ಸೈಟಿನಲ್ಲಿ ಅವಳ ಅರ್ಜಿಯ ಎದುರಿಗೆ, ಪರಿಶೀಲನೆಗೆ ಬಾಕಿ ಇದೆ ಎಂದಿತ್ತು. ಅದರ ಪಕ್ಕದಲ್ಲಿ ಕಾಲೇಜಿನವರಿಗೆ ಮಾತ್ರ ಕಾಣುವ ಒಂದು ಗುಂಡಿ, ಹಿಂಪಡೆಯಲು. ಒತ್ತಿದರೆ ಶನಿವಾರ ಐದರೊಳಗೆ ಮತ್ತೆ ಸಲ್ಲಿಸಬೇಕು, ಆಗದಿದ್ದರೆ ಅರ್ಜಿ ಸತ್ತಂತೆ. ಒತ್ತದಿದ್ದರೆ ಬಹುಶಃ ಎಲ್ಲ ಸುಸೂತ್ರ. ಬಹುಶಃ. ಆದರೆ ಎಲ್ಲೋ ಯಾರೋ ಒಬ್ಬರು ಅನುಮಾನ ಬಂದು ಪರಿಶೀಲನೆಗೆ ಕಳಿಸಿದರೆ? ನನ್ನ ಸಹಿ ಹೋಗಲಿ, ನನಗೆ ಬೈಗುಳ ಹೊಸದಲ್ಲ. ಈ ಕೈಯನ್ನು ಮೂರು ನಿಮಿಷವೂ ನೋಡದವರು ಅದರ ಮೇಲೆ ಫೋರ್ಜರಿ ಎಂದು ಬರೆದುಬಿಡುತ್ತಾರೆ. ಬರೆದದ್ದು ಅವಳ ಹೆಸರಿನ ಹಿಂದೆ ಉಳಿದುಬಿಡುತ್ತದೆ. ಅದನ್ನು ನೆನೆಸಿಕೊಂಡರೆ ನನಗೆ ತಡೆಯಲಾಗಲಿಲ್ಲ. ಗುಂಡಿ ಒತ್ತಿದೆ.

ಈಗ ನಮ್ಮ ಹತ್ತಿರ ಇದ್ದದ್ದು ಗುರುವಾರ, ಶುಕ್ರವಾರ, ಶನಿವಾರ. ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿಯಾಗುತ್ತದೆ. ಹುಡುಗಿಯ ತಂದೆ ಕುರುಗೋಡಿನ ಕಡೆ ಕಲ್ಲು ಕೆಲಸಕ್ಕೆ ಹೋಗಿದ್ದವರು, ಜ್ವರ ಬಂದು ಅಲ್ಲೇ ತೀರಿಕೊಂಡಿದ್ದರು. ಹಾಗಾಗಿ ಹೊಸ ಪ್ರಮಾಣಪತ್ರವನ್ನು ಕುರುಗೋಡಿನಲ್ಲೇ ಕೇಳಬೇಕು. ಆಗ ಕುರುಗೋಡು ಬಳ್ಳಾರಿ ತಾಲ್ಲೂಕಿಗೆ ಸೇರಿತ್ತು. ಹಳೆಯ ರಿಜಿಸ್ಟರುಗಳು ಇಲ್ಲಿವೆಯೋ ಅಲ್ಲಿವೆಯೋ ಎಂದು ಫೋನು ಮಾಡಿ ವಿಚಾರಿಸಿದೆ. ಅದು ತಾಲ್ಲೂಕಾದ ಮೇಲೆ ಅಲ್ಲಿಗೇ ಹೋಗಿವೆ ಎಂದು ತಿಳಿಯಿತು. ಅರ್ಜಿ ಕೊಡಬೇಕಾದವರು ತೀರಿಕೊಂಡವರ ಹೆಂಡತಿ. ಅವರ ಸಹಿ, ಅವರ ಆಧಾರ್ ಪ್ರತಿ, ಮನೆಯಲ್ಲಿರುವ ಮೂಲ ಬೇಕು. ಅದಕ್ಕೆ ಮೊದಲು ದೇಶನೂರು.

ಗುರುವಾರ ಬೆಳಗಿನ ಬಸ್ಸಿಗೆ ಹುಡುಗಿ ಮತ್ತು ನಾನು ಸಿರುಗುಪ್ಪಕ್ಕೆ ಹೋದೆವು. ಅಕ್ಕಿ ಗಿರಣಿಗಳ ತೌಡಿನ ವಾಸನೆಯಲ್ಲಿ ಬಸ್ ಸ್ಟ್ಯಾಂಡ್ ದಾಟಿ, ಆಟೋ ಹಿಡಿದು ದೇಶನೂರು ಮುಟ್ಟಿದಾಗ ಹನ್ನೊಂದು. ನಾಟಿಯ ಕಾಲ. ಮನೆಗೆ ಬೀಗ. ಅವಳ ತಾಯಿ ಕಾಲುವೆಯಾಚೆ ಗದ್ದೆಯಲ್ಲಿದ್ದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಸರ್ಕಸ್ಸು ಮಾಡುತ್ತ ನಡೆದೆ. ಸಾಲಾಗಿ ಬಾಗಿದ್ದ ಹೆಂಗಸರು ನನ್ನನ್ನು ನೋಡಿ ತೆಲುಗಿನಲ್ಲಿ ಏನೋ ಅಂದು ನಕ್ಕರು. ನನಗೆ ತೆಲುಗು ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ತಾಯಿ ಕೆಸರು ಕೈ ತೊಳೆದುಕೊಂಡು ಬಂದರು. ಕಾಲೇಜಿನವರು ಮನೆಗೇ ಬಂದಿದ್ದಾರೆಂದರೆ ಮಗಳು ಏನೋ ಮಾಡಿಕೊಂಡಿದ್ದಾಳೆ ಎಂದು ಅವರ ಮುಖದಲ್ಲೇ ಬರೆದಿತ್ತು. ಅರ್ಧ ದಿನದ ಕೂಲಿ ಬಿಟ್ಟು ಮನೆಗೆ ಬಂದು ಟ್ರಂಕು ತೆಗೆದರು. ಸೀರೆಗಳ ಕೆಳಗಿನಿಂದ ಪ್ಲಾಸ್ಟಿಕ್ ಚೀಲ, ಚೀಲದಿಂದ ಒಂದು ಟವೆಲ್ಲು, ಟವೆಲ್ಲಿನೊಳಗಿನಿಂದ ಲ್ಯಾಮಿನೇಟ್ ಮಾಡಿಸಿದ ಆ ಪ್ರಮಾಣಪತ್ರ. ಲ್ಯಾಮಿನೇಟ್ ಮಾಡುವ ಬಿಸಿಗೋ ಏನೋ, ಮೊಹರು ಇದ್ದ ಜಾಗದಲ್ಲಿ ತೆಳು ಗುಲಾಬಿ ಕಲೆ ಮಾತ್ರ ಉಳಿದಿತ್ತು. ನಾನು ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ಓರೆ ಮಾಡಿ, ಭೂತಗನ್ನಡಿ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಈ ಕಲೆಯಿಂದ ಅವಳು ಆ ಮೊಹರನ್ನು ತೆಗೆದದ್ದು ಹೇಗೆ? ಬೇಡವೆಂದರೂ ಆ ಪ್ರಶ್ನೆ ಬಾಯಿಗೆ ಬಂತು.

ಹುಡುಗಿ ನೀರು ತರಲು ಹೊರಗೆ ಹೋಗಿದ್ದಳು. ತಾಯಿ ಟ್ರಂಕು ಮುಚ್ಚುತ್ತ ಹೇಳಿದರು: “ಸಣ್ಣಾಕಿ ಇದ್ದಾಗ ಆ ಸೀಲು ಛಂದ ಕಾಣತಿತ್ರಿ ಮೇಡಮ್ಮಾರ. ಹಬ್ಬಕ್ಕ ಟ್ರಂಕು ತಗದಾಗೆಲ್ಲ ಅದನ್ನ ತೊಡಿ ಮ್ಯಾಲ ಇಟ್ಕೊಂಡು ನೋಡಕೋತ ಕುಂದರತಿದ್ಲು. ಮನಿಯಾಗ ಅವರ್ದು ಫೋಟೋ ಒಂದೂ ಇಲ್ಲ. ಅವರ ಹೆಸರು ಇರೂದು ಅದೊಂದ ಕಾಗದದಾಗ.”

ಅರ್ಜಿಯ ಮೇಲೆ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಕೊಟ್ಟೆ. ಅವರು ಒಂದೊಂದೇ ಅಕ್ಷರ ಜೋಡಿಸಿ ಬರೆದರು. ನನ್ನ ಕಣ್ಣು ಮಂಜಾಗಿದ್ದರಿಂದ ಆಧಾರ್ ಸಂಖ್ಯೆಯನ್ನು ಎರಡು ಸಲ ತಪ್ಪು ಬರೆದುಕೊಂಡೆ.

ಶುಕ್ರವಾರ ಕುರುಗೋಡು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿದ್ದ ಕೇಸ್‌ವರ್ಕರು ನಿವೃತ್ತಿಗೆ ಹತ್ತಿರವಾದವರು. ಕನ್ನಡಕವನ್ನು ಹಣೆಗೆ ಏರಿಸಿ ಅರ್ಜಿ ಓದಿದರು. ಮಾತು ಮೆತ್ತಗೆ, ಕೆಲಸ ಕಟ್ಟುನಿಟ್ಟು. ನನ್ನದೇ ಜಾತಿಯ ಮನುಷ್ಯ ಎಂದು ನೋಡಿದ ಕೂಡಲೇ ಗೊತ್ತಾಯಿತು, ಅಂದರೆ ಫೈಲಿನ ಜಾತಿ. ಲ್ಯಾಮಿನೇಟ್ ಆದ ಮೂಲವನ್ನು ತಿರುಗಿಸಿ ಮುರುಗಿಸಿ ನೋಡಿದರು. ನೋಂದಣಿ ಸಂಖ್ಯೆ ಓದಲಾಗುತ್ತಿಲ್ಲ, ತಿಂಗಳೂ ಮಾಸಿದೆ, ಇಡೀ ವರ್ಷದ ಕಟ್ಟು ಬಿಚ್ಚಿ ಹುಡುಕಬೇಕು, ಸೋಮವಾರ ಮಂಗಳವಾರ ಆಗುತ್ತದೆ ಎಂದರು. ನಾಳೆ ಸಂಜೆಗೆ ಗಡುವು ಎಂದು ಬೇಡಿಕೊಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬೇರೆ ಏನಾದರೂ ಪ್ರತಿ ಇದೆಯೇ ನೋಡೋಣ ಎಂದು ನನ್ನ ಫೈಲನ್ನು ತಾವೇ ಎಳೆದುಕೊಂಡು ಹಾಳೆ ತಿರುವಿದರು.

ಅದರಲ್ಲಿ ಆ ಝೆರಾಕ್ಸ್ ಇತ್ತು. ಹಿಂಪಡೆದ ಕಾಗದವೆಂದು ಫೈಲಿನ ಕೊನೆಗೆ ಇಟ್ಟಿದ್ದೆ.

“ಇದು ಛಲೋ ಐತಲ್ರಿ,” ಅಂದರು. ಮುಖ ಅರಳಿತು. “ನಂಬರೂ ಐತಿ. ಈ ಸೀಲು ನನಗ ಗುರ್ತೈತಿ. ಆಗ ನಾನ ಇಲ್ಲೇ ಇದ್ದೆ, ಎಷ್ಟೋ ಸಲ ನಾನ ಒತ್ತೀನಿ. ನೀವು ದೃಢೀಕರಿಸೀರಿ ಬ್ಯಾರೆ. ಇದನ್ನ ಇಟ್ಟು ಈಗ ಸಾಹೇಬ್ರ ಮುಂದ ಇಡತೀನಿ. ನಾಳೆ ಮುಂಜಾನೆ ತಗೊಂಡು ಹೋಗ್ರಿ.”

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಬುಧವಾರ ಪ್ರಾಮಾಣಿಕತೆಯ ಗುಂಡಿ ಒತ್ತಿದವಳು ಶುಕ್ರವಾರ ಬಾಯಿ ಮುಚ್ಚಿಕೊಂಡು ನಿಂತೆ. ಸಂಖ್ಯೆ ಸರಿಯೇ ಇರುತ್ತದೆ, ರಿಜಿಸ್ಟರಿನಲ್ಲಿ ಸಿಕ್ಕೇ ಸಿಗುತ್ತದೆ, ಕೆಲಸ ಆಗುತ್ತದೆ, ಇಷ್ಟರ ಮೇಲೆ ಏನು ಹೇಳುವುದು ಎಂದು ಮನಸ್ಸು ನೂರು ನೆಪ ಹೂಡಿತು. ಕೇಸ್‌ವರ್ಕರು ಪೆನ್ನಿನ ಮುಚ್ಚಳ ತೆಗೆದರು.

“ಅದು ಸೀಲಲ್ರಿ ಸರ್,” ಅಂದಳು ಹುಡುಗಿ. ನನ್ನ ಹಿಂದೆ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಿದ್ದಳು. “ನಾ ಬರ್ದಿದ್ದು. ನಂಬರೂ ನಾನ ತಿದ್ದೀನಿ. ಅದನ್ನ ನೋಡಿ ಮಾಡಬ್ಯಾಡ್ರಿ. ಸೋಮವಾರ ಆದ್ರೂ ಆಗ್ಲಿ.”

ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದಳು. ನಾನು ತಲೆ ತಗ್ಗಿಸಿ, ಹೌದು ಎಂದೆ. ಹೆಬ್ಬೆರಳನ್ನು ನೀರಿನ ಲೋಟದಲ್ಲಿ ಅದ್ದಿ ಮೊಹರಿನ ಅಂಚಿಗೆ ತಾಗಿಸಿ ತೋರಿಸಿದೆ. ಅವರು ನನ್ನ ಬೆರಳು ನೋಡಿದರು, ಕಾಗದ ನೋಡಿದರು, ಹುಡುಗಿಯ ಕೈ ನೋಡಿದರು. ಸಿಟ್ಟು ಬರುತ್ತದೆ, ಹೊರಗೆ ಕಳಿಸುತ್ತಾರೆ, ಮೇಲಿನವರಿಗೆ ಹೇಳುತ್ತಾರೆ ಎಂದು ನಾನು ಕಾದೆ. ಅವರು ಕನ್ನಡಕ ಕಣ್ಣಿಗೆ ಇಳಿಸಿ ಎದ್ದು, ಬೀಗದ ಗೊಂಚಲು ಹಿಡಿದು ಒಳಕೋಣೆಗೆ ಹೋದರು.

ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಒಂದರ ಮೇಲೊಂದು ಬಂದವು. ಊಟದ ಹೊತ್ತಾಯಿತು. ಡಬ್ಬಿ ತಂದಿದ್ದರೂ ಅವರು ಬಿಚ್ಚಲಿಲ್ಲ. ಒಂದು ಕಟ್ಟಿನ ಹಾಳೆಗಳು ಅಂಟಿಕೊಂಡಿದ್ದವು, ಅವನ್ನು ಹುಡುಗಿಯೇ ಕಾಗದದ ಚೂರೊಂದನ್ನು ತೂರಿಸಿ ಬಿಡಿಸಿದಳು, ಒಂದೂ ಹರಿಯಲಿಲ್ಲ. ನಾನು ಹೆಸರು ಓದುತ್ತ ಹೋದೆ. ಕುರುಗೋಡಿನ ಆ ವರ್ಷದ ಸತ್ತವರೆಲ್ಲ ನನ್ನ ಬೆರಳ ಕೆಳಗೆ ಹಾದು ಹೋದರು, ಎಂಬತ್ತು ವರ್ಷದವರು, ಎರಡು ದಿನದವರು. ಎರಡೂವರೆ ಗಂಟೆಯ ಮೇಲೆ ಹುಡುಗಿ “ಇಲ್ಲೈತ್ರಿ” ಅಂದಳು. ಅಪ್ಪನ ಹೆಸರು. ವಯಸ್ಸು ಇಪ್ಪತ್ತೊಂಬತ್ತು. ಅವಳು ತಿದ್ದಿ ತೀಡಿದ್ದ ನೋಂದಣಿ ಸಂಖ್ಯೆಯೇ ಅಲ್ಲಿತ್ತು, ಒಂದು ಅಂಕಿಯೂ ಆಚೀಚೆ ಇರಲಿಲ್ಲ.

ಕೇಸ್‌ವರ್ಕರು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎರಡು ಹಾಳೆ ಮುಂದೆ ಹೋದರು. ತಿಂಗಳು ಮುಗಿದಲ್ಲಿ ನೋಂದಣಾಧಿಕಾರಿಯ ಸಹಿ, ಸಹಿಯ ಮೇಲೆ ದುಂಡು ಮೊಹರು. ಮುಚ್ಚಿದ ಪುಸ್ತಕದೊಳಗೆ ಬಿಸಿಲು ಕಾಣದೆ ಇದ್ದುದಕ್ಕೆ ನಿನ್ನೆ ಒತ್ತಿದಂತೆ ನೇರಳೆಯಾಗಿತ್ತು. ಅವರು ಹುಡುಗಿಯ ಹಾಳೆಯನ್ನು ಅದರ ಪಕ್ಕ ಇಟ್ಟು, ನನ್ನ ಭೂತಗನ್ನಡಿಗೆ ಕೈ ಚಾಚಿದರು.

ಉಂಗುರದ ಮೇಲ್ಭಾಗದಲ್ಲಿ, ಅವಳು ಐದು ಚುಕ್ಕಿ ಇಟ್ಟ ಜಾಗದಲ್ಲೇ, ಅಸಲಿ ಮೊಹರಿನಲ್ಲೂ ಗೆರೆ ಇರಲಿಲ್ಲ. ಅಕ್ಕಿಕಾಳಿನಷ್ಟು ಖಾಲಿ. ಮುಂದಿನ ತಿಂಗಳ ಮೊಹರು ನೋಡಿದೆವು. ಅಲ್ಲೂ ಅಷ್ಟೇ ಖಾಲಿ. ಅದರ ಮುಂದಿನದರಲ್ಲೂ.

ಕೇಸ್‌ವರ್ಕರು ಭೂತಗನ್ನಡಿ ಕೆಳಗಿಟ್ಟರು. ಆಮೇಲೆ, ಯಾರಿಗೋ ತಪ್ಪೊಪ್ಪಿಗೆ ಕೊಡುವವರಂತೆ ತಗ್ಗಿದ ಧ್ವನಿಯಲ್ಲಿ ಹೇಳಿದರು: “ಆ ಸೀಲು ನನ್ನ ಕೈಯಿಂದ ಜಾರಿ ಬಂಡಿ ಮ್ಯಾಲ ಬಿದ್ದು ಅಲ್ಲಿ ಒಣಗಿದ ರಬ್ಬರಿನ ಒಂದು ಚೂರು ಹಾರಿತ್ತು ತಾಯಿ. ನಾ ಯಾರಿಗೂ ಹೇಳಿದ್ದಿಲ್ಲ. ಇಷ್ಟ ದಿನ ಯಾರ ಕಣ್ಣಿಗೂ ಬಿದ್ದಿದ್ದಿಲ್ಲ.”

ನಮ್ಮ ಕಡೆ ಬಂಡೆಗೆ ಬಂಡಿ ಅನ್ನುತ್ತಾರೆ. ಹಳೆಯ ಕಚೇರಿಯ ನೆಲ ಕಲ್ಲುಬಂಡೆಯದಿತ್ತಂತೆ. ನಾನು ರಿಜಿಸ್ಟರಿನ ಮೊಹರು ಮತ್ತು ಅವಳ ಮೊಹರಿನ ನಡುವೆ ಮತ್ತೆ ಮತ್ತೆ ನೋಡಿದೆ. ಅವಳು ಅಲ್ಲಿ ಗೆರೆ ಎಳೆದು ಉಂಗುರ ಪೂರ್ತಿ ಮಾಡಿಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ, ಇನ್ನೂ ಅಂದವಾಗಿಯೇ ಕಾಣುತ್ತಿತ್ತು. ಕಾಣದ್ದನ್ನು ಬರೆಯಲಿಲ್ಲ, ಅಷ್ಟೇ. ಕಾಣದ್ದನ್ನು ನೋಡಿದೆ ಎಂದು ಬರೆದು ಸಹಿ ಹಾಕಿದವಳು ನಾನು. ನನ್ನ ಮಗಳಾಗುವ ವಯಸ್ಸಿನ ಆ ಹುಡುಗಿಯ ಎದುರು ನನಗೆ ಎದ್ದು ನಿಲ್ಲಬೇಕೆನಿಸಿತು. ಆಗಲೇ ನಿಂತಿದ್ದೆನಾದ್ದರಿಂದ ಸುಮ್ಮನೆ ಸೆರಗು ಸರಿಮಾಡಿಕೊಂಡೆ.

ರಿಜಿಸ್ಟರು ತೆರೆದೇ ಇದ್ದುದರಿಂದ ಅವರು ಅಂದೇ ನಮೂದನ್ನು ಕಂಪ್ಯೂಟರಿಗೆ ಏರಿಸಿ ಸಾಹೇಬರ ಒಪ್ಪಿಗೆಗೆ ಇಟ್ಟರು. ಶನಿವಾರ ಬೆಳಿಗ್ಗೆ ನಾನೊಬ್ಬಳೇ ಮತ್ತೆ ಬಸ್ಸು ಹತ್ತಿದೆ. ಹನ್ನೊಂದೂವರೆಗೆ ಹೊಸ ಪ್ರಮಾಣಪತ್ರ ಕೈಗೆ ಬಂತು. ಅದರಲ್ಲಿ ಮೊಹರೇ ಇರಲಿಲ್ಲ. ಮೂಲೆಯಲ್ಲಿ ಮೊಬೈಲು ಹಿಡಿದರೆ ಓದುವಂಥ ಕಪ್ಪು ಚೌಕ, ಕೆಳಗೆ ಡಿಜಿಟಲ್ ಸಹಿ. ಬಳ್ಳಾರಿಗೆ ಬಂದು ಸ್ಕ್ಯಾನ್ ಮಾಡಿ ಹಾಕಲು ಕೂತರೆ ವೆಬ್‌ಸೈಟು ಸುತ್ತುತ್ತಲೇ ಇತ್ತು. ಪ್ರಾಂಶುಪಾಲರು ನನ್ನ ಹಿಂದೆ ನಿಂತು ಚಹಾ ಆರಿಸಿ ಕುಡಿಯುತ್ತಿದ್ದರು. ನಾಲ್ಕು ಇಪ್ಪತ್ತಕ್ಕೆ ಅರ್ಜಿ ಸ್ವೀಕೃತವಾಯಿತು. ಅದರ ಜೊತೆಗೆ ನಾನೊಂದು ಪತ್ರ ಇಟ್ಟಿದ್ದೆ: ಹಿಂದಿನ ಪ್ರತಿಯನ್ನು ಮೂಲ ನೋಡದೆ ದೃಢೀಕರಿಸಿದ್ದು ನನ್ನ ತಪ್ಪು, ಆ ಪ್ರತಿಯನ್ನು ರದ್ದೆಂದು ಭಾವಿಸುವುದು. ಮೂರು ವಾರದ ಮೇಲೆ ಮಂಜೂರಾತಿ ಬಂತು. ಮೂರನೇ ವರ್ಷದ್ದೂ ನಾಲ್ಕನೇ ವರ್ಷದ್ದೂ. ರಸೀತಿ ಹರಿದು ಅವಳ ಕೈಗೆ ಕೊಟ್ಟೆ. ಪ್ರಾಂಶುಪಾಲರು ನನಗೊಂದು ಎಚ್ಚರಿಕೆಯ ಮೆಮೋ ಕೊಟ್ಟರು, ಕೊಡಲೇಬೇಕಿತ್ತು. ಸಹಿ ಹಾಕಿ ತೆಗೆದುಕೊಂಡೆ.

ಇನ್ನೊಂದು ಕೆಲಸ ಬಾಕಿ ಇತ್ತು. ರದ್ದಾದ ಪ್ರತಿಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯ ಎದುರಿನಲ್ಲೇ, ಪ್ರಾಂಶುಪಾಲರ ಕೋಣೆಯಲ್ಲಿ ಅದನ್ನು ಹರಿಯಬೇಕೆಂದು ತೀರ್ಮಾನವಾಯಿತು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆರಳು ಮುಂದಕ್ಕೆ ಹೋಗಲಿಲ್ಲ. ಪ್ರಾಂಶುಪಾಲರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

“ಹರೀರಿ ಮೇಡಂ,” ಅಂದಳು ಹುಡುಗಿ. ನನಗೆ ಸಮಾಧಾನ ಹೇಳುವ ಧ್ವನಿ. “ಇನ್ನೊಂದು ಬರೀತೀನಿ. ಈ ಸಲ ನೋಡದ ಬರೀತೀನಿ.”

ಹರಿದೆ.

ವಾರ್ಷಿಕ ಪ್ರದರ್ಶನದ ದಿನ ಎಂದಿನಂತೆ ರೇಷ್ಮೆ ಸೀರೆ ಉಟ್ಟು ಹೋದೆ. ಬಂಗಲೆಯ ದೊಡ್ಡ ಹಾಲಿನ ಗೋಡೆಯ ಮೇಲೆ, ನನ್ನ ಎರಡೂ ತೋಳು ಚಾಚಿದಷ್ಟು ಅಗಲಕ್ಕೆ, ಒಂದು ನೇರಳೆ ಉಂಗುರವಿತ್ತು. ಬಲಗಡೆ ದಪ್ಪ, ಎಡಗಡೆ ತೆಳು. ಮೇಲ್ಗಡೆ ಅಂಗೈಯಷ್ಟು ಖಾಲಿ ಜಾಗ. ಈ ಸಲ ಅಲ್ಲಿ ಚುಕ್ಕಿಗಳಿರಲಿಲ್ಲ. ಅದು ಒಡೆದದ್ದೆಂದು ಈಗ ಅವಳಿಗೆ ಗೊತ್ತಿತ್ತು. ಕೆಳಗೆ ಚೀಟಿಯಲ್ಲಿ ಒಂದೇ ಪದ, ‘ಅಪ್ಪ’. ಬಂದವರು ಇದೇನು, ಸೂರ್ಯನೋ ಬಾವಿಯೋ ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ತಲೆ ಆಡಿಸಲಿಲ್ಲ, ಚಹಾಕ್ಕೂ ಹೋಗಲಿಲ್ಲ.

ಬಾಗಿಲ ಹತ್ತಿರ ಅಭಿಪ್ರಾಯ ಬರೆಯುವ ಪುಸ್ತಕ ಇಟ್ಟಿದ್ದರು. ಅಷ್ಟು ವರ್ಷದಲ್ಲಿ ನಾನು ಅದರಲ್ಲಿ ಒಂದು ಅಕ್ಷರವನ್ನೂ ಬರೆದವಳಲ್ಲ. ಪೆನ್ನು ತೆಗೆದುಕೊಂಡು ಅವಳ ಚಿತ್ರದ ಸಂಖ್ಯೆ ಹಾಕಿ ಬರೆದೆ: ‘ಮೂಲದೊಂದಿಗೆ ಹೋಲಿಸಿ ನೋಡಿದೆ, ಸರಿಯಾಗಿದೆ.’ ಕೆಳಗೆ ದಿನಾಂಕ ಹಾಕಿ ಪೂರ್ತಿ ಸಹಿ ಮಾಡಿದೆ.